ನಾಯಿಮರಿಯ ಜೊತೆ ಹೋದ ಕುರಿಮರಿ

ನಾನು ಚಿಕ್ಕವಳಿದ್ದಾಗ ನಮ್ಮ ಹಟ್ಟಿಯಲ್ಲಿ ನಾಯಿಮರಿಗಳನ್ನು ಎತ್ತಿ ಮುದ್ದಾಡುವ ಹಾಗೇ ಇರಲಿಲ್ಲ. ಮಕ್ಕಳೇ, ನೀವಾಗಿದ್ದರೆ ಒಂದು ದಿನವೂ ತಡೆಯುತ್ತಿರಲಿಲ್ಲ ಬಿಡಿ. ಮನುಷ್ಯರ ಮಡಿಲು ರೂಢಿಯಾದರೆ ನಾಯಿ ಕುರಿಗಳನ್ನು ಬಿಟ್ಟು ಮನೆಬಾಗಿಲಲ್ಲಿ ಮಲಗುತ್ತದೆ ಎನ್ನುತ್ತಿದ್ದ ಅಪ್ಪ. ಅದಕ್ಕೇ ಮರಿಗಳು ಮುಳ್ಳುಬೇಲಿಯ ರೊಪ್ಪದೊಳಗೆ, ಕುರಿಗಳ ನಡುವೆಯೇ ಬೆಳೆಯುತ್ತಿದ್ದವು. ಹಾಲು ಬಿಟ್ಟ ಮೇಲೆ ಬೇರೆ ಬೇರೆ ಹಟ್ಟಿಗಳಿಗೆ ಕಾವಲಿಗೆಂದು ಹೋಗುತ್ತಿದ್ದವು.

ಅವಕ್ಕೆ ಊಟ ಹಾಕುವುದು ಅಕ್ಕನ ಕೆಲಸ. ಬಿಸಿ ರಾಗಿಮುದ್ದೆಯನ್ನು ಕುರಿಹಾಲಿನಲ್ಲಿ ಕಿವುಚಿ, ಕಲ್ಲುಬಾನಿಗೆ ಸುರಿದು, ತಿರುಗಿಯೂ ನೋಡದೆ ಬಂದುಬಿಡುತ್ತಿದ್ದಳು. ಮರಿಗಳು ತಮ್ಮ ಅಗಲವಾದ ಪಾದಗಳನ್ನು ಬಾನಿಯೊಳಗೇ ಇಟ್ಟು, ಮೂಗಿಗೆಲ್ಲ ಮೆತ್ತಿಕೊಂಡು ಚಪಚಪನೆ ನೆಕ್ಕುತ್ತಿದ್ದವು. ನಾನು ಬೇಲಿಯಾಚೆ ನಿಂತು ನೋಡುತ್ತಿದ್ದೆ. ಹಿಕ್ಕೆ, ಉಣ್ಣೆ, ಹಾಲು ಎಲ್ಲ ಸೇರಿದ ಆ ವಾಸನೆ ನನಗೆ ತುಂಬಾ ಇಷ್ಟ.

ಒಂದು ಚಳಿಗಾಲದಲ್ಲಿ ಎಲ್ಲ ಮರಿಗಳೂ ಹೋಗಿ, ಕರಿಮೂತಿಯ ದೊಡ್ಡದೊಂದು ಉಳಿದಿತ್ತು. ಅದು ವೈ.ಎನ್.ಹೊಸಕೋಟೆ ಕಡೆಯಿದ್ದ ಅಪ್ಪನ ತಂಗಿ, ನನ್ನ ಅತ್ತೆಗೆಂದು ಮಾತು ಕೊಟ್ಟದ್ದು. ಅತ್ತೆಯ ಹಳೇ ನಾಯಿ ಸತ್ತುಹೋಗಿ, ತೋಳ ಅವಳ ರೊಪ್ಪದೊಳಕ್ಕೇ ನುಗ್ಗಿ ಕುರಿಮರಿಗಳನ್ನು ಹೊತ್ತೊಯ್ಯುತ್ತಿತ್ತು. ಆಗಲೇ ತಾಯಿ ಸತ್ತ ಒಂದು ಹೆಣ್ಣು ಕುರಿಮರಿಯೂ ನಮ್ಮಲ್ಲಿತ್ತು. ಅದಕ್ಕೆ ಬಟ್ಟೆಯ ಬತ್ತಿಯಲ್ಲಿ ಹಾಲು ಚೀಪಿಸಿ ಬದುಕಿಸಿದ್ದು ನಾನು. ಹಾಗಾಗಿ ಅದು ನನ್ನದೆಂದು ಅಪ್ಪನೇ ಹೇಳಿದ್ದ. ಚಳಿಗೆ ಬೆಚ್ಚಗಿರಲೆಂದು ಅಪ್ಪ ಕರಿಮೂತಿಯನ್ನೂ ಕುರಿಮರಿಯನ್ನೂ ಒಂದೇ ಮಂಕರಿ ಬುಟ್ಟಿಯಡಿ ಕವುಚಿ ಹಾಕತೊಡಗಿದ.

“ಒಂದ್ ಕುರಿಗೇ ಅಂಟ್ಕಂಡ್ರೆ ಆಮೇಲೆ ಬುಡ್ಸಾದು ಕಷ್ಟ ಕಣಪ್ಪ,” ಎಂದಳು ಅಕ್ಕ.

“ಅಂಗೇನಾಗಲ್ಲ ಬುಡು,” ಎಂದ ಅಪ್ಪ. ತನಗೆ ತಿಳಿಯದ್ದು ನಾಯಿ ವಿಷಯದಲ್ಲಿ ಏನೂ ಇಲ್ಲವೆಂಬುದು ಅಪ್ಪನ ಭಾವನೆ.

ಮರಿ ಒಯ್ಯುವ ದಿನ ಅತ್ತೆ ಬೆಳಗಿನ ಬಸ್ಸಿಗೇ ಬಂದಳು. ಮರಿಯನ್ನು ಕೊಂಡೊಯ್ಯುವವರು ತಮ್ಮ ಕೈಯಿಂದಲೇ ಕಲಸಿದ ತುತ್ತನ್ನು ಅದಕ್ಕೆ ತಿನ್ನಿಸಬೇಕು, ತಿಂದರಷ್ಟೇ ಕಳಿಸುವುದು ನಮ್ಮ ಪದ್ಧತಿ. ಅತ್ತೆ ಮುದ್ದೆ ಕಲಸಿ ಕೈಯೊಡ್ಡಿದಳು. ಕರಿಮೂತಿ ಮೂಸಿ ನೋಡಿ, ಹೋಗಿ ಕುರಿಮರಿಯ ಪಕ್ಕ ಮಲಗಿತು. ಅಪ್ಪ ಕುರಿಮರಿಯನ್ನು ಮನೆಯ ಹಿಂದೆ ಕಟ್ಟಿ ಬಂದ. ಅಲ್ಲಿಂದ ಅದು ಬ್ಯಾ ಎಂದರೆ ಇಲ್ಲಿಂದ ಇದು ಊಳಿಡುತ್ತಿತ್ತು. ಬಿಸಿಲೇರಿತು. ಅತ್ತೆಯ ಅಂಗೈಯಲ್ಲಿ ಮುದ್ದೆ ಒಣಗಿ ಬಿರುಕು ಬಿಟ್ಟಿತು.

“ಉಣ್ಣದೆ ಹೋದ ಮರಿ ಬದುಕಲ್ಲ ಕಣಮ್ಮ. ಮುಂದಿನ ಸೂಲಿಗೆ ಬೇರೇದು ಕೊಡ್ತೀನಿ,” ಎಂದ ಅಪ್ಪ. ಅವನ ದನಿ ಇಳಿದಿತ್ತು.

“ಅಷ್ಟೊತ್ಗೆ ನನ್ ರೊಪ್ಪದಾಗೆ ಏನ್ ಉಳ್ದಿರ್ತೈತಣ್ಣ?” ಎಂದಳು ಅತ್ತೆ. ಅವಳೇನೂ ಅಳಲಿಲ್ಲ. ಕೈಯ ಮುದ್ದೆಯನ್ನು ನೆಲಕ್ಕೆ ಹಾಕದೆ ಹಾಗೇ ಕೂತಿದ್ದಳು.

“ಎಲ್ಡನ್ನೂ ಕಳ್ಸಪ್ಪ,” ಎಂದಳು ಅಕ್ಕ.

ಹೆಣ್ಣುಮರಿಯೆಂದರೆ ಮುಂದೆ ಒಂದು ಮಂದೆಯೇ ಆಗುವಂಥದ್ದು. ಯಾರೂ ಸುಮ್ಮನೆ ಕೊಡುವುದಿಲ್ಲ. ಅಪ್ಪ ಬಹಳ ಹೊತ್ತು ಗಡ್ಡ ಕೆರೆದುಕೊಂಡು, ಕೊನೆಗೆ ನನ್ನ ಕಡೆ ನೋಡಿದ. “ಮರಿ ನಿಂದು ಕಣಮ್ಮ. ನೀನೇನಂತೀಯ?”

ನನಗೆ ಕೊಡುವ ಮನಸ್ಸು ಒಂದಿಷ್ಟೂ ಇರಲಿಲ್ಲ. ಅಪ್ಪನ ಮೇಲೂ ಅಕ್ಕನ ಮೇಲೂ ಸಿಟ್ಟು ಬಂತು. ಆದರೆ ಅತ್ತೆ ನನ್ನನ್ನು ಏನೂ ಕೇಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಅದನ್ನೇ ನನ್ನಿಂದ ತಡೆಯಲಾಗಲಿಲ್ಲ. ಮನೆಯ ಹಿಂದೆ ಹೋಗಿ, ಹಗ್ಗ ಬಿಚ್ಚಿ, ಮರಿಯನ್ನು ತಬ್ಬಿಕೊಂಡು ತಂದು ಅವಳ ಕಾಲ ಬಳಿ ಇಳಿಸಿದೆ. ಅದರ ಎದೆ ನನ್ನ ಕೈಯಲ್ಲಿ ಡವಡವ ಹೊಡೆದುಕೊಳ್ಳುತ್ತಿತ್ತು. ಕರಿಮೂತಿ ಓಡಿಬಂದು ಮೊದಲು ಕುರಿಮರಿಯ ಕಿವಿ ನೆಕ್ಕಿತು. ಆಮೇಲೆ ಅತ್ತೆಯ ಅಂಗೈಗೆ ಬಾಯಿ ಹಾಕಿ, ಆ ಒಣಗಿದ ಮುದ್ದೆಯನ್ನು ಪೂರ್ತಿ ತಿಂದಿತು.

ಅತ್ತೆ ಎರಡನ್ನೂ ಒಂದೇ ಕಂಬಳಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು. ಕಂಡಕ್ಟರು ಗೊಣಗಿದ. ನಾನು ಆವತ್ತು ಅಳುತ್ತಾ ಕೂತು ಊಟ ಮಾಡಲಿಲ್ಲ. ಮಾರನೇ ವರ್ಷ ಅತ್ತೆ ಬಂದು, ತೋಳ ಈಗ ಅವಳ ರೊಪ್ಪದ ಹತ್ತಿರ ಸುಳಿಯುವುದಿಲ್ಲವೆಂದೂ ನನ್ನ ಕುರಿ ಮರಿ ಹಾಕಿದೆಯೆಂದೂ ಹೇಳಿದಾಗ ನನಗೆ ಮತ್ತೆ ಅಳು ಬಂತು, ಆದರೆ ಅದು ಬೇರೆ ಅಳು.

ಮೊನ್ನೆ ನೀವೂ ಶಿರಾದ ಮನೆಗೆ ಒಂದು ದೊಡ್ಡ ಜಾತಿಯ ನಾಯಿಮರಿ ತಂದಿದ್ದೀರಿ. ಅದಕ್ಕೆ ಮೆತ್ತನೆ ಹಾಸಿಗೆ, ಸ್ಟೀಲ್ ಬಟ್ಟಲು, ಅಂಗಡಿಯ ಪ್ಯಾಕೆಟ್ ಊಟ. ನಮ್ಮ ರೊಪ್ಪದಲ್ಲಿ ಇವೇನೂ ಇರಲಿಲ್ಲ. ಆದರೂ ಅದು ಬಟ್ಟಲು ಮುಟ್ಟದೆ ಗೋಡೆಗೆ ಮುಖ ಮಾಡಿ ಮಲಗಿದೆ, ಪ್ಯಾಕೆಟ್ ಬದಲಾಯಿಸಬೇಕಾ ಅಜ್ಜಿ ಎಂದು ಕೇಳುತ್ತೀರಿ. ಬೇಡ ಮಕ್ಕಳೇ, ಊಟ ಚೆನ್ನಾಗಿಯೇ ಇದೆ. ನಿಮ್ಮ ಮರಿ ಜೊತೆಯಿಲ್ಲದೆ ಒಂದೇ ಬಂದಿದೆ, ಅಷ್ಟೇ. ಅದು ಕಾಯಬೇಕಾದ ಕುರಿಗಳೂ ಇಲ್ಲ, ಆದ್ದರಿಂದ ಮುದ್ದಾಡಬೇಡಿ ಎಂದು ನಾನು ಹೇಳುವುದಿಲ್ಲ. ಈ ಸಂಜೆ ಟಿವಿ ಮುಂದೆ ಕೂರದೆ, ನಿಮ್ಮ ತಟ್ಟೆಗಳನ್ನು ತಂದು ಅದರ ಪಕ್ಕ ನೆಲದ ಮೇಲೆ ಕೂತು ಊಟ ಮಾಡಿ.