ಹೊಸ್ತಿಲಾಚೆ ಹರಿದ ಕಾಗದ

ನೀವು ಯಾವತ್ತಾದರೂ ಒಂದು ಹಿಡಿ ಹುರಿದ ಶೇಂಗಾದ ಆಸೆಗೆ ಒಡಹುಟ್ಟಿದ ಅಣ್ಣನ ಕೈಯಿಂದ ಏಳು ಮಂದಿಯನ್ನು ಕೊಲ್ಲಿಸಿದ್ದೀರಾ? ಇಲ್ಲ ತಾನೇ? ನಾನು ಕೊಲ್ಲಿಸಿದ್ದೇನೆ. ಆಗ ನನಗೆ ಹತ್ತು ವರ್ಷ.

ಎಪ್ಪತ್ತೊಂದರ ಯುದ್ಧ ಹತ್ತಿರವಾಗಿದ್ದ ಆ ದಿನಗಳಲ್ಲಿ ನಮ್ಮ ಡಂಬಳದ ಓಣಿಯಲ್ಲಿ ರೇಡಿಯೋಗಿಂತ ನಮ್ಮ ಮನೆಯ ಕಟ್ಟೆಗೇ ಬೆಲೆ ಹೆಚ್ಚು. ಅಣ್ಣ ಈರಣ್ಣ ಮಿಲಿಟರಿಯಲ್ಲಿದ್ದ. ಮಳೆಗಾಲ ಮುಗಿಯುತ್ತಲೇ ಅವನನ್ನು ಗಡಿಗೆ ಕಳಿಸಿದ್ದರು. ಅಪ್ಪ ತೀರಿಹೋಗಿದ್ದ. ಅವ್ವನಿಗಾಗಲಿ, ಅಣ್ಣನ ಹೆಂಡತಿ ಗಿರಿಜಾ ವೈನಿಗಾಗಲಿ ಅಕ್ಷರ ಬಾರದು. ಕಾಗದ ಬಂದರೆ ಓದುವವಳು ನಾನೊಬ್ಬಳೇ. ವೈನಿ ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಎರಡೂ ಕೈತುಂಬ ಹಸಿರು ಬಳೆ. ನಾನು ಓದುವಾಗ ತನ್ನ ಹೆಸರು ಬಂದೀತೇನೋ ಎಂದು ಬಳೆ ಸದ್ದಾಗದಂತೆ ಕಂಬದ ಹಿಂದೆ ನಿಲ್ಲುತ್ತಿದ್ದಳು. ಒಮ್ಮೆಯೂ ಬರುತ್ತಿರಲಿಲ್ಲ.

ಅಣ್ಣನ ಕಾಗದವೋ ಉಪ್ಪಿಲ್ಲದ ಸಾರು. ‘ನಾನು ಕ್ಷೇಮ. ಇಲ್ಲಿ ಥಂಡಿ ಬಹಳ. ಎತ್ತು ಹೇಗಿವೆ?’ ಅಷ್ಟೇ. ಕೇಳಲು ಕೂಡಿದ ಹೆಂಗಸರ ಮುಖ ಸಪ್ಪಗಾಗುತ್ತಿತ್ತು.

“ಏನವಾ ಇದು? ಎತ್ತಿನ ಸುದ್ದಿ ಕೇಳಾಕ ಅಷ್ಟು ದೂರ ಹೋಗ್ಯಾನೇನು?” ಎಂದಳು ಎದುರುಮನೆಯ ಶಾಂತವ್ವ. ಅವಳ ಉಡಿಯಲ್ಲಿ ಆಗಷ್ಟೇ ಹುರಿದ ಶೇಂಗಾ ಘಮಘಮ ಎನ್ನುತ್ತಿತ್ತು.

ನಾನು ಉಡಿ ನೋಡಿದೆ, ಕಾಗದ ನೋಡಿದೆ. “ತಡೀರಿ, ಇನ್ನೂ ಐತಿ” ಎಂದೆ. “ನಿನ್ನೆ ಇಬ್ಬರನ್ನ ಜ್ವಾಳ ಕೊಯ್ದಂಗ ಕೊಯ್ದೆ ಅಂತ ಬರದಾನ.”

ಉಡಿ ಬಿಚ್ಚಿತು.

ಅಲ್ಲಿಂದ ಪ್ರತಿ ಕಾಗದದಲ್ಲೂ ಹೆಣ ಬೀಳತೊಡಗಿದವು. ರುಂಡ ಉರುಳಿದವು, ಕರುಳು ಬೇಲಿಗೆ ಸಿಕ್ಕಿದವು. ಕುರಿ ಕಡಿಯುವುದನ್ನು ಕಣ್ಣಾರೆ ನೋಡಿದ್ದೆನಲ್ಲ, ನನಗೆ ಗೊತ್ತಿದ್ದ ಯುದ್ಧ ಅದೇ. ಕೆರೆಯ ದಂಡೆಯಲ್ಲಿ ನಾವು ಹುಡುಗಿಯರು ಬಳೆಚೂರಿನ ಆಟ ಬಿಟ್ಟು ಲಢಾಯಿ ಆಡಿದೆವು. ನಾನೆಸೆದ ಕಲ್ಲಿಗೆ ಗೆಳತಿ ಹುಸೇನಬಿಯ ಹಣೆ ಒಡೆದು ರಕ್ತ ಗಲ್ಲದವರೆಗೆ ಇಳಿಯಿತು. ಹೊಡೆದವಳು ನಾನಾದರೂ ಹೆಮ್ಮೆ ಅವಳಿಗೇ! ಅಂತೂ ನಿಜವಾದ ಯುದ್ಧ ಶುರುವಾಗುವ ಮೊದಲೇ ನಾನು ಏಳು ಮಂದಿಯನ್ನು ಮುಗಿಸಿದ್ದೆ.

ಅವ್ವ ಮಾತ್ರ ಪ್ರತಿಸಲ ಒಂದೇ ಮಾತು ಕೇಳುತ್ತಿದ್ದಳು: “ಅಂವಗ ಏನೂ ಆಗಿಲ್ಲ, ಹೌದಿಲ್ಲೋ?”

ಅವಳು ಹೇಳಿ ಬರೆಸಿದ ಉತ್ತರದ ಕೊನೆಗೆ ಒಂದು ದಿನ ನಾನೇ ಒಂದು ಸಾಲು ಸೇರಿಸಿದೆ: ‘ಅಣ್ಣಾ, ಖರೇನ ಎಷ್ಟು ಮಂದಿನ ಕೊಂದಿ? ಬರಿ.’

ಯುದ್ಧ ಶುರುವಾಯಿತು, ಮುಗಿಯಿತು. ಶಾಲೆಯಲ್ಲಿ ಪೇಡೆ ಹಂಚಿದರು. ಅಣ್ಣನ ಕಾಗದ ಮಾತ್ರ ಬರಲಿಲ್ಲ. ಅವ್ವ ಬಾಗಿಲು ಬಿಟ್ಟು ಕದಲಲಿಲ್ಲ. ವೈನಿ ರೊಟ್ಟಿ ಬಡಿಯುತ್ತ ಬಡಿಯುತ್ತ ಸುಮ್ಮನೆ ಕೂತುಬಿಡುತ್ತಿದ್ದಳು, ಹಂಚಿನ ಮೇಲಿನ ರೊಟ್ಟಿ ಸುಟ್ಟು ಕರಕಾಗುತ್ತಿತ್ತು. ಹಸಿಕಡಲೆಯ ದಿನಗಳು ಬಂದ ಮೇಲೆ, ಒಂದು ಮಧ್ಯಾಹ್ನ ಟಪಾಲಿನವ ನೀಲಿ ಕಾಗದ ತಂದು ನನ್ನ ಕೈಗಿಟ್ಟ. ಹೊಸ್ತಿಲ ಹೊರಗೇ ಬಿಚ್ಚಿದೆ.

‘ತಂಗೀ, ಇದನ್ನ ಅವ್ವನ ಮುಂದ ಓದಬ್ಯಾಡ. ಎಷ್ಟು ಮಂದಿ ಅಂತ ಕೇಳಿದ್ದಿಯಲ್ಲ. ಒಬ್ಬನ್ನ. ಬಂದೂಕಿನ ತುದಿಯ ಚೂರಿಯಿಂದ ಹೊಟ್ಟಿಗೆ ತಿವಿದೆ. ಅಂವಗ ಇನ್ನೂ ಮೀಸಿ ಮೂಡಿರಲಿಲ್ಲ. ನನ್ನ ಅಂಗಿ ಹಿಡಕೊಂಡು ನೀರು ಬೇಡಿದ. ನಾ ಕೊಡಲಿಲ್ಲ.’

ಕೆಳಗೆ ‘ಗಿರಿಜಾಗ’ ಎಂದು ಬರೆದು ಇನ್ನೂ ನಾಲ್ಕು ಸಾಲು ಇದ್ದವು. ಅವನ್ನು ಓದಲಿಲ್ಲ. ಒಳಗಿಂದ ಅವ್ವ, “ಓದು ಜಲ್ದಿ!” ಎಂದು ಓಡಿ ಬರುತ್ತಿದ್ದಳು. ಸುಳ್ಳು ಓದುವುದರಲ್ಲಿ ಪಳಗಿದ ನನಗೆ ಅವತ್ತು ಒಂದು ಸುಳ್ಳೂ ಹೊಳೆಯಲಿಲ್ಲ. ಯಾರಾದರೂ ಕಸಿದು ಟಪಾಲಿನವನ ಕೈಲಿ ಓದಿಸಿಯಾರು ಎಂಬ ಭಯಕ್ಕೆ ಕಾಗದವನ್ನು ಪರಪರ ಹರಿದುಬಿಟ್ಟೆ.

ಸಾವಿನ ಕಾಗದವನ್ನು ಹೊಸ್ತಿಲೊಳಗೆ ತರುವಂತಿಲ್ಲ. ಹೊರಗೇ ಓದಿ, ಅಲ್ಲೇ ಹರಿದು, ತಲೆಗೆ ನೀರು ಹೊಯ್ದುಕೊಂಡು ಒಳಗೆ ಹೋಗಬೇಕು. ನಮ್ಮ ಕಡೆ ಕೂಸಿಗೂ ಗೊತ್ತಿದ್ದ ರೂಢಿ. ಆ ಗಳಿಗೆಯಲ್ಲಿ ಮರೆತವಳು ನಾನೊಬ್ಬಳೇ.

“ಅಯ್ಯೋ ಈರಣ್ಣಾ!” ಶಾಂತವ್ವ ಬಾಯಿ ಬಡಿದುಕೊಂಡಳು. ಅವ್ವ ಕಟ್ಟೆಯ ಕಲ್ಲಿಗೆ ಹಣೆ ಚಚ್ಚಿಕೊಂಡಳು, ಒಮ್ಮೆ, ಎರಡು ಸಲ. ವೈನಿ ಅಳಲಿಲ್ಲ. ಬಂದವಳೇ ಎರಡೂ ಕೈಗಳನ್ನು ಅದೇ ಕಲ್ಲಿಗೆ ಅಪ್ಪಳಿಸಿದಳು. ಹಸಿರು ಚೂರು ಸಿಡಿದವು. ಬಳೆ ಮುಗಿದ ಮೇಲೂ ಬಡಿಯುತ್ತಲೇ ಇದ್ದಳು, ಮಣಿಕಟ್ಟಿನ ರಕ್ತ ನನ್ನ ಲಂಗಕ್ಕೆ ಹಾರಿತು.

“ಅಣ್ಣ ಸತ್ತಿಲ್ಲ!” ಎಂದು ಕಿರುಚಿದೆ. ಯಾರೂ ಕೇಳಲಿಲ್ಲ. “ಅಣ್ಣ ಸತ್ತಿಲ್ರೀ! ಅಂವನೇ ಒಬ್ಬನ್ನ ಕೊಂದಾನ! ಹುಡುಗ ನೀರು ಬೇಡಿದ್ನಂತ, ಕೊಡಲಿಲ್ಲಂತ!”

ವೈನಿಯ ಕೈ ಅರ್ಧಕ್ಕೇ ನಿಂತಿತು.

“ಮತ್ತ ಆ ಏಳು ಮಂದಿ?” ಎಂದಳು ಶಾಂತವ್ವ.

“ಸುಳ್ಳು.”

ಅವ್ವ ಒಲೆಗೆಂದು ಒಟ್ಟಿದ್ದ ಕಟ್ಟಿಗೆಯಿಂದ ನನ್ನ ಬೆನ್ನು, ತೊಡೆ ನೋಡದೆ ಬಾರಿಸಿದಳು. ಕಟ್ಟಿಗೆ ಮುರಿಯಿತು. ಆಮೇಲೆ ಏದುಸಿರು ಬಿಡುತ್ತ ಹಿತ್ತಲಿಗೆ ಹೋಗಿ ತಣ್ಣೀರಿನ ಕೊಡ ಎತ್ತಿದಳು.

“ಈರಣ್ಣ ಬದುಕ್ಯಾನ, ನೀರ ಯಾಕ ಹೊಯ್ಕೊಳ್ತಿ?” ಎಂದಳು ಶಾಂತವ್ವ.

“ಸತ್ತಂವ ಒಬ್ಬ ಅದಾನಲ್ಲ. ಅವನ ಅವ್ವಗ ಇನ್ನೂ ಕಾಗದ ಮುಟ್ಟಿತೋ ಇಲ್ಲೋ.” ಹಣೆಯ ರಕ್ತದ ಸಮೇತ ಕೊಡವನ್ನು ತಲೆಯ ಮೇಲೆ ಸುರಿದುಕೊಂಡಳು.

ಅಷ್ಟರಲ್ಲಿ ಅಂಥ ಕಾಗದ ಬಾಗಿಲಲ್ಲಿ ಇರಬಾರದೆಂದು ಯಾರೋ ಚೂರುಗಳನ್ನು ಬಳೆಚೂರಿನ ಸಮೇತ ಗುಡಿಸಿ ಗಟಾರಕ್ಕೆ ಹಾಕಿದ್ದರು. ಮೂರನೇ ದಿನ ಬಳೆಗಾರ್ತಿ ಬಂದು ವೈನಿಗೆ ಹೊಸ ಬಳೆ ಏರಿಸಿದಳು, ಗಾಯ ತಪ್ಪಿಸಿ ತಪ್ಪಿಸಿ. ಅವತ್ತು ನಾನು ಆ ನಾಲ್ಕು ಸಾಲಿನ ವಿಷಯ ವೈನಿಗೆ ಹೇಳಿದೆ. ಅವಳು ಹೊಡೆಯಲಿಲ್ಲ. ಗಟಾರದ ಮುಂದೆ ಹೋಗಿ ಕೂತಳು.

ಅಣ್ಣ ಬಂದ. ಏನು ಬರೆದಿದ್ದೆ ಎಂದು ವೈನಿ ಕೇಳಿದರೆ, “ಆಗ ಬರದದ್ದು ಈಗ ಬಾಯಿಗೆ ಬರಂಗಿಲ್ಲ” ಅಂದ. ಎಷ್ಟು ಸಲ ಕೇಳಿದರೂ ಅಷ್ಟೇ. ಹೊಲದಲ್ಲಿ ಯಾರಾದರೂ ನೀರು ಕೇಳಿದರೆ ಮಾತ್ರ ಉಣ್ಣುತ್ತಿದ್ದ ರೊಟ್ಟಿ ಬಿಟ್ಟು ಓಡುತ್ತಿದ್ದ. ಮೂರು ವರ್ಷದ ಹಿಂದೆ ಅವನೂ ಹೋದ. ಅವ್ವ ಯಾವತ್ತೋ ಹೋದಳು. ಹೆಸರಿಲ್ಲದ ಹಗೆಯವನಿಗಾಗಿ ಹಿತ್ತಲಲ್ಲಿ ನೀರು ಹೊಯ್ದುಕೊಳ್ಳುವ ತಾಯಂದಿರೂ ಅವಳ ಜೊತೆಗೇ ಹೋದರೇನೋ. ಈಗ ಯುದ್ಧದ ಸುದ್ದಿ ಬಂದರೆ, ನಾನಿದನ್ನು ಬರೆಯುತ್ತಿರುವ ಈ ಫೋನಿನಲ್ಲಿ ಹೆಣ ಎಣಿಸುವವರೆಲ್ಲ ಹತ್ತು ವರ್ಷದ ನಾನೇ.

ಮೊಮ್ಮಗಳು ಟೈಪ್ ಮಾಡಲು ಕಲಿಸಿದ ಹೊಸತರಲ್ಲಿ ಮುಂಡರಗಿಯಲ್ಲಿರುವ ವೈನಿಗೆ ಫೋನ್ ಹಚ್ಚಿ ಕೆಣಕಿದೆ: “ವೈನಿ, ಈಗ ನನಗ ಬೆರಳಾಗ ಬರಿಯಾಕ ಬರ್ತೈತಿ. ಆ ನಾಕ ಸಾಲು ನಾನ ಬರದು ಕಳಿಸ್ಲೇನು? ಮೊಮ್ಮಕ್ಕಳ ಕಡೆ ಓದಿಸ್ಕೋ.”



“ಬ್ಯಾಡ ನಮ್ಮವ್ವಾ. ಐವತ್ತು ವರ್ಷದಿಂದ ದಿನಕ್ಕೊಂದು ನಮೂನಿ ನಾನ ಓದ್ಕೊಂಡೇನಿ. ನಿನ್ನ ಕೈಗೆ ಕೊಟ್ಟರ ಅದರಾಗೂ ಇಬ್ಬರನ್ನ ಕೊಂದಿಡ್ತಿ.”