ಅಪ್ಪನ ಚಿತ್ರಕ್ಕೆ ನಾನಿಟ್ಟ ಹೆಸರು

ಆ ಕಾಲದಲ್ಲಿ ಬಲ್ಮಠದಿಂದ ಕೊಟ್ಟಾರದವರೆಗಿನ ಅಂಗಡಿ ಬೋರ್ಡುಗಳಲ್ಲಿ ಅರ್ಧಕ್ಕರ್ಧ ನನ್ನಪ್ಪನ ಕೈಯವು. ಊರಿಗೆಲ್ಲ ಹೆಸರು ಬರೆದ ಮನುಷ್ಯ, ಭಾನುವಾರ ಜಗಲಿಯಲ್ಲಿ ಕೂತು ತನ್ನ ಖುಷಿಗೆ ಬಿಡಿಸುತ್ತಿದ್ದ ಚಿತ್ರಗಳಿಗೆ ಮಾತ್ರ ಹೆಸರಿಡುತ್ತಿರಲಿಲ್ಲ. ಈಗಲೂ ಟರ್ಪೆಂಟೈನ್ ವಾಸನೆ ಬಂದರೆ ನನಗೆ ಇವತ್ತು ಭಾನುವಾರ ಅನಿಸುತ್ತದೆ.

"ಅಂಗಡಿಗೆ ಬೋರ್ಡು ಬೇಕು ಮಾರಾಯ್ತಿ, ಒಳಗೆ ಎಂತ ಉಂಟು ಅಂತ ರಸ್ತೆಯಿಂದ ಕಾಣುವುದಿಲ್ಲ. ಚಿತ್ರದ್ದು ಎಲ್ಲ ಹೊರಗೇ ಉಂಟಲ್ಲ" ಎನ್ನುತ್ತಿದ್ದರು. ನನಗದು ಬರೀ ಸೋಮಾರಿತನವಾಗಿ ಕಾಣುತ್ತಿತ್ತು. ಆಗಷ್ಟೇ ಟೀಚರಾಗಿದ್ದೆ, ನಾಲ್ಕು ಪುಸ್ತಕ ಓದಿದ ಗತ್ತು ಬೇರೆ.

ಅರವತ್ತರ ದಶಕದ ಆರಂಭವಿರಬೇಕು. ಬಲ್ಮಠದ ಒಂದು ಸಭಾಂಗಣದಲ್ಲಿ ಊರ ಕಲಾವಿದರ ಪ್ರದರ್ಶನ ನಡೆಯಿತು. ನನ್ನ ಕಾಟ ತಡೆಯಲಾರದೆ ಅಪ್ಪ ಒಂದೇ ಒಂದು ಚಿತ್ರ ಕೊಟ್ಟರು. ಬೋಳಾರದ ಹೊಳೆಬದಿ, ದೋಣಿ ಕಟ್ಟುವ ಕಂಬ, ನೀರಿಗಿಳಿದ ಸಡಿಲ ಹಗ್ಗ, ಸಂಜೆಯ ಖಾಲಿ ಹೊಳೆ. ಅಷ್ಟೇ.

ಬಂದರಿನಲ್ಲಿ ಹೆಂಚಿನ ವ್ಯಾಪಾರ ಮಾಡುತ್ತಿದ್ದ ಒಬ್ಬ ಬ್ಯಾರಿ ಸಾಹುಕಾರರು ಮೊದಲ ದಿನವೇ ಅದರ ಮುಂದೆ ನಿಂತರು. ಮರುದಿನವೂ ಬಂದರು. "ಮನುಷ್ಯರ ಪಟ ನಾವು ಮನೆಯಲ್ಲಿ ಹಾಕುವುದಿಲ್ಲ ಟೀಚರೇ. ಇದರಲ್ಲಿ ಯಾರೂ ಇಲ್ಲವಲ್ಲ, ಉಮ್ಮನ ಕೋಣೆಗೆ ಆಗ್ತದೆ. ನಾಳೆ ಬಂದು ಮಾತಾಡ್ತೇನೆ" ಎಂದರು. ಅಪ್ಪನ ಚಿತ್ರವನ್ನು ಬೇಕೆಂದು ಕೇಳಿದ ಮೊದಲ ಮನುಷ್ಯ ಅವರು. ಅಂದು ಮನೆಗೆ ಬರುವ ದಾರಿಯಲ್ಲಿ ಅಪ್ಪ ಶಿಳ್ಳೆ ಹಾಕಿದರು.

ಮೂರನೆಯ ದಿನ ಬೆಳಿಗ್ಗೆ ಅಪ್ಪ ಯಾವುದೋ ಬೋರ್ಡು ಬರೆಯಲು ಹೋಗಿದ್ದರು. ಎಲ್ಲ ಚಿತ್ರಗಳ ಕೆಳಗೂ ಹೆಸರಿನ ಚೀಟಿ ಉಂಟು, ಇದೊಂದಕ್ಕೆ ಇಲ್ಲ ಎಂದು ಏರ್ಪಾಡಿನವರು ತಕರಾರು ತೆಗೆದರು. ಕೇಳಬೇಕೇ? ದುಂಡಗಿನ ಅಕ್ಷರದಲ್ಲಿ "ಬಾರದ ದೋಣಿ" ಎಂದು ಬರೆದು ಅಂಟಿಸಿ, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸಂಜೆ ಸಾಹುಕಾರರು ಬಂದರು. ಚೀಟಿಯನ್ನು ನಿಧಾನವಾಗಿ ಓದಿ ಒಂದು ಹೆಜ್ಜೆ ಹಿಂದೆ ಸರಿದರು.

"ನನ್ನ ತಮ್ಮ ಹೆಂಚು ಹೇರಿದ ಹಾಯಿಹಡಗಿನಲ್ಲಿ ಹೋದವ. ಎರಡು ಮಳೆಗಾಲ ಆಯ್ತು, ಸುದ್ದಿ ಇಲ್ಲ. ಇಲ್ಲಿ ನಿಂತರೆ ಅವ ಈಗ ಬರ್ತಾನೆ ಅಂತ ಆಗ್ತಿತ್ತು ನನಗೆ. ನೀವು ಬರುವುದಿಲ್ಲ ಅಂತ ಬರೆದೇ ಬಿಟ್ಟಿರಿ ಟೀಚರೇ."

ಸಿಟ್ಟಿರಲಿಲ್ಲ ಆ ಸ್ವರದಲ್ಲಿ. ಕೊಡೆ ತೆಗೆದುಕೊಂಡು ಹೊರಟೇ ಹೋದರು.

ವಿಷಯ ತಿಳಿದ ಅಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು. ಉಗುರಿನಿಂದ ಚೀಟಿ ಕೆರೆದು ತೆಗೆದರು. ಪ್ರದರ್ಶನ ಮುಗಿದ ಮರುದಿನ ಚಿತ್ರವನ್ನು ಹಳೆಯ ಬೈರಾಸಿನಲ್ಲಿ ಸುತ್ತಿ, "ನೀನೂ ಬಾ" ಎಂದರು. ನಾಚಿಕೆಯಿಂದ ದಾರಿಯುದ್ದಕ್ಕೂ ಅವರ ಹಿಂದೆಯೇ ನಡೆದೆ.

ಸಾಹುಕಾರರ ಮನೆಯಲ್ಲಿ ಅಪ್ಪ ಬೈರಾಸು ಬಿಚ್ಚಿ ಚಿತ್ರವನ್ನು ಮುಂದೆ ಹಿಡಿದರು. "ಇದಕ್ಕೆ ಹೆಸರಿಲ್ಲ. ಅದು ಮಗಳ ಅಧಿಕಪ್ರಸಂಗ. ಉಮ್ಮನಿಗೆ ಕೊಡುವ ಅಂತ ತಂದದ್ದು" ಎಂದರು. ಸಾಹುಕಾರರು ನಮ್ಮನ್ನು ತಾಯಿಯ ಕೋಣೆಗೆ ಕರೆದೊಯ್ದರು.

ಮುದುಕಿ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. ಆಮೇಲೆ ಹತ್ತಿರವಿದ್ದ ನನ್ನನ್ನೇ ತುಳುವಿನಲ್ಲಿ ಕೇಳಿದರು, ದೋಣಿ ಎಲ್ಲಿ ಎಂದು.

ಅಪ್ಪನೂ ಸಾಹುಕಾರರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಆಚೆ ತಿರುವಿನಲ್ಲಿ ಉಂಟು ಉಮ್ಮಾ, ಇಲ್ಲಿಗೆ ಕಾಣುವುದಿಲ್ಲ" ಎಂದೆ. ಹೇಳಿದ್ದು ಸುಳ್ಳೋ ಅಲ್ಲವೋ, ನನಗೆ ಇವತ್ತಿಗೂ ತಿಳಿದಿಲ್ಲ.

ಅವರು ತಲೆಯಾಡಿಸಿದರು. ಮೊಳೆ ಹೊಡೆಯಲು ಗೋಡೆ ನೋಡುತ್ತಿದ್ದ ಮಗನಿಗೆ, "ಅಷ್ಟು ಮೇಲೆ ಬೇಡ, ನಾನು ಕೂತಲ್ಲಿಂದ ಕಾಣಬೇಕು" ಎಂದರು.