ಉಸಿರಿನ ಯಂತ್ರವನ್ನು ನಿಲ್ಲಿಸದೆ

ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ವರ್ಷಗಟ್ಟಲೆ ಹೊಟ್ಟಿನ ಧೂಳು ಕುಡಿದು ನನ್ನ ಗಂಡನ ಶ್ವಾಸಕೋಶ ಸೋತಿತ್ತು. ಸತ್ಯನಾರಾಯಣಪೇಟೆಯ ನಮ್ಮ ನಡುಮನೆಯಲ್ಲಿ, ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತ ಪುಟ್ಟ ಯಂತ್ರವೊಂದು ಮಾಸ್ಕಿನ ಮೂಲಕ ಅವರಿಗೆ ಉಸಿರು ತಳ್ಳುತ್ತಿತ್ತು. ಐದು ನಿಮಿಷ ತೆಗೆದರೂ ಅವರ ತುಟಿ ನೇರಳೆಗೆ ತಿರುಗುತ್ತಿತ್ತು.

ಅದರೊಳಗಿನ ಪ್ರೋಗ್ರಾಂನಲ್ಲಿ ದೋಷವಿದೆ, ಉಸಿರು ಕಡಿಮೆಯಾದರೂ ಅಲಾರಂ ಕೂಗುವುದಿಲ್ಲ, ಹೊಸದು ಹಾಕಲೇಬೇಕೆಂದು ಕಂಪನಿಯಿಂದ ಸಂದೇಶ ಬಂತು. ಕುರುಗೋಡಿನಿಂದ ಬೆಳಗಿನ ಬಸ್ಸಿಗೆ ಮೆಕ್ಯಾನಿಕ್ ಬಂದರು. ತಲೆ ನರೆತವರು, ಚಪ್ಪಲಿಯನ್ನು ಬಾಗಿಲಲ್ಲಿ ಜೋಡಿಸಿಟ್ಟು ಒಳಬಂದರು. ಯಂತ್ರ ನಿಲ್ಲಿಸುವುದೇ ಬೇಡವೆಂದರು. ಅದರಲ್ಲಿ ಎರಡು ಖಾನೆಗಳಿವೆಯಂತೆ. ಒಂದರಲ್ಲಿ ಹಳೆಯ ಪ್ರೋಗ್ರಾಂ ಕೆಲಸ ಮಾಡುತ್ತಿರುವಾಗಲೇ ಇನ್ನೊಂದರಲ್ಲಿ ಹೊಸದನ್ನು ತುಂಬುವುದು. ತುಂಬಿದ ಮೇಲೆ ಎರಡು ಉಸಿರಿನ ನಡುವೆ ಅದಲುಬದಲು. ತುಂಬುವಾಗ ಕಿತ್ತಳೆ ದೀಪ ಮಿಣುಕುತ್ತದೆ, ಮುಟ್ಟಬಾರದು ಎಂದು ಎರಡು ಸಲ ಹೇಳಿದರು.

ಲ್ಯಾಪ್‌ಟಾಪ್ ಜೋಡಿಸಿ, ಫೋನ್ ಬಂತೆಂದು ಜಗಲಿಗೆ ಹೋದರು. ದೀಪ ಮಿಣುಕಿತು. ನಮ್ಮ ಓಣಿಯ ವೋಲ್ಟೇಜಿಗೆ ಫ್ರಿಜ್ಜೋ ಮಿಕ್ಸಿಯೋ, ಏನು ಮಿಣುಕಿದರೂ ಸ್ವಿಚ್ ಆರಿಸಿ ಮತ್ತೆ ಹಾಕುವುದು ಎಲ್ಲರ ವಾಡಿಕೆ. ನನ್ನ ಕೈ ತಾನಾಗಿ ಗೋಡೆಗೆ ಹೋಗಿ ಸ್ವಿಚ್ ಆರಿಸಿತು.

ಯಂತ್ರದೊಳಗಿನ ಬ್ಯಾಟರಿ ಎಂದೋ ಸತ್ತಿತ್ತು. ಯಂತ್ರ ಸುಮ್ಮನಾಯಿತು. ಹೊದಿಕೆಯ ಅಂಚನ್ನು ಹಿಡಿದ ಅವರ ಬೆರಳು ಬಿಳುಚಿದ್ದು ಕಂಡಾಗಲೇ ನನಗೆ ಎಚ್ಚರವಾದದ್ದು. ಸ್ವಿಚ್ ಹಾಕಿದೆ. ಎಷ್ಟೋ ಹೊತ್ತೆನಿಸಿದ ಮೇಲೆ ಗಾಳಿ ಹರಿಯಿತು.

"ಹಳೇದು ಇನ್ನಾ ಒಳಗೈತಿ ಅಕ್ಕಾರ, ಅದಕ್ಕ ಎದ್ದೈತಿ," ಎಂದರು ಓಡಿಬಂದ ಮೆಕ್ಯಾನಿಕ್.

ಮಾಸ್ಕಿನೊಳಗಿಂದ ಗಂಡ ನನ್ನನ್ನು ನೋಡಿದರು. "ಲೇ, ಅಷ್ಟು ಅವಸರ ಐತೇನು ನಿನಗ?"

ಅವರು ಎರಡನೆಯ ಸಲ ಹೊಸದನ್ನು ತುಂಬುವಾಗ, ಕಾನ್ವೆಂಟಿನ ಬೆಂಚಿನ ಹುಡುಗಿಯಂತೆ ಕೈಕಟ್ಟಿ ಕೂತೆ. ಅದಲುಬದಲಾದದ್ದು ಗೊತ್ತೇ ಆಗಲಿಲ್ಲ. ಮೆಕ್ಯಾನಿಕ್ ಚಹಾ ಮುಗಿಸುವಷ್ಟರಲ್ಲಿ ಅಲಾರಂ ಕೂಗಿತು. ಅವರು ಕೊಳವೆ ನೋಡಿದರು, ಮಾಸ್ಕ್ ಬಿಗಿ ಮಾಡಿದರು, ಪರದೆಯ ಅಂಕಿಗಳನ್ನು ಬಹಳ ಹೊತ್ತು ನೋಡಿದರು. ಅಲಾರಂ ನಿಲ್ಲಲಿಲ್ಲ.

ನಾನು ಸ್ವಿಚ್ ಆರಿಸಿದ್ದರಿಂದ ಕೆಟ್ಟಿತೇ ಎಂದು ಕೇಳಿದೆ.

"ಇಲ್ಲರಿ. ಮಷೀನ್ ಸರಿ ಐತಿ. ಅವರ ಉಸಿರು ಮೊದಲಿಂದ ಇಷ್ಟು ಕಡಿಮಿನಾ ಇತ್ತು ಕಾಣ್ತೈತಿ. ಹಳೇದು ಹೇಳ್ತಿದ್ದಿಲ್ಲ."

ಇಷ್ಟು ದಿನ ಆ ಮೌನವನ್ನೇ ನಾನು ಸುಧಾರಣೆ ಎಂದುಕೊಂಡಿದ್ದೆ. ಬಂದವರಿಗೆಲ್ಲ ಹಾಗೆಯೇ ಹೇಳುತ್ತಿದ್ದೆ. ಹಳೆಯದು ಒಳಗೇ ಇದೆಯಲ್ಲ, ಅದನ್ನೇ ತಿರುಗಿ ಹಾಕಿಬಿಡಿ ಎಂದೆ. ಮೆಕ್ಯಾನಿಕ್ ವೈರು ಸುತ್ತತೊಡಗಿದರು. ಗಂಡ ಬೇಡವೆಂದು ತಲೆಯಾಡಿಸಿದರು.

ನಾನು ಆಸ್ಪತ್ರೆಗೆ ಒಯ್ಯುವ ಚೀಲವನ್ನು ಅಟ್ಟದಿಂದ ಇಳಿಸಿ, ಅವರ ಎರಡು ಅಂಗಿಗಳನ್ನು ಅದರಲ್ಲಿ ಮಡಚಿಟ್ಟೆ. ಅಲಾರಂ ಕೂಗುತ್ತಲೇ ಇತ್ತು.